ಶರಾವತಿ ಹಿನ್ನೀರಿನಲ್ಲಿ ಕಯಾಕ್ ನಡೆಸುವುದು ಹೇಗೆ?

ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಜೋಗದಲ್ಲಿ ಧುಮುಕುವ ಮೊದಲು ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ದೊಡ್ಡ ಹಿನ್ನೀರಾಗಿ ನಿಲ್ಲುತ್ತಾಳೆ. ಅದನ್ನು ನೋಡಲು ಸಾಗರ ತಾಲ್ಲೂಕಿನ ಹೊನ್ನೆಮರಡು ಕಡೆಯ ದಡ ಚೆನ್ನ. ರೈಲಿನಲ್ಲಿ ಬರುವವರಿಗೆ ತಾಳಗುಪ್ಪ ಹತ್ತಿರ. ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಸಣ್ಣ ಕಿರಿದಾದ ದೋಣಿ, ಇಳಿಸಲು ಈಗ ಅನುಮತಿ ಇದೆಯೇ ಅಂತ ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ.

ಮಳೆಗಾಲ ಬೇಡವೇ ಬೇಡ. ಮಳೆ ಬಿಟ್ಟ ಮೇಲೆ ನೀರು ತುಂಬಿರುತ್ತದೆ, ಹೊಸಬರಿಗೆ ಅದೇ ಒಳ್ಳೆಯದು. ಆದರೆ ಹೊಳೆಯ ಹಳೆಯ ಕಥೆ ಕಾಣಬೇಕು ಅಂದರೆ ಬೇಸಿಗೆಯಲ್ಲೇ ಬನ್ನಿ. ಇಲ್ಲಿನ ನೀರಿನ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ನೀರು ತೀರಾ ಇಳಿದ ವರ್ಷ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ ಹೊರಗೆ ಕಾಣುತ್ತದೆ. 1940ರ ದಶಕದಲ್ಲಿ ಜೋಗದ ವಿದ್ಯುತ್ತಿಗಾಗಿ ಕಟ್ಟಿದ್ದು. 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ ಅದೇ ನೀರಿನಡಿ ಹೋಯಿತು. ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ, ಹೆಚ್ಚಾದ ನೀರನ್ನು ತಾನಾಗಿಯೇ ಹೊರಹಾಕುವ ಸೈಫನ್‌ಗಳು ಅಲ್ಲಿ ಇನ್ನೂ ನಿಂತಿವೆ.

ಮುಳುಗಿದ್ದು ಕಟ್ಟೆಯೊಂದೇ ಅಲ್ಲ. ಊರು, ಗದ್ದೆ, ತೋಟ ಎಲ್ಲ ಹೋಯಿತು. ನಾಡಿಗೆ ಬೆಳಕು ಕೊಟ್ಟ ಆ ಮನೆಗಳಲ್ಲಿ ಎಷ್ಟೋ ಜನ ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಹಾಗಾಗಿ ನೀರಿಗಿಳಿಯುವ ಮುಂಚೆ ದಡದ ಊರಿನ ಹಿರಿಯರ ಹತ್ತಿರ ಸ್ವಲ್ಪ ಹೊತ್ತು ಕೂರಿ. ಯಾವ ಊರು ಎಲ್ಲಿತ್ತು, ಕಾಡು ಎಲ್ಲಿತ್ತು ಅಂತ ಕೇಳಿ. ಮುಳುಗಿದ ಮರದ ಬೊಡ್ಡೆಗಳು ಎಲ್ಲಿವೆ ಅನ್ನುವುದೂ ಅವರಿಗೇ ಗೊತ್ತು. ನೀರು ಇಳಿದಾಗ ಕಯಾಕ್‌ಗೆ ಅವುಗಳದ್ದೇ ಜಾಸ್ತಿ ಭಯ.

ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿಕೊಳ್ಳಿ. ಈಜು ಬಂದರೂ ಬೇಕು. ಒಬ್ಬರೇ ಹೋಗಬೇಡಿ. ಬೆನ್ನು ನೆಟ್ಟಗಿಟ್ಟು, ಮಂಡಿ ಸ್ವಲ್ಪ ಮಡಚಿ ಕೂರಿ. ಹುಟ್ಟನ್ನು ಭುಜಕ್ಕಿಂತ ಸ್ವಲ್ಪ ಅಗಲವಾಗಿ ಹಿಡಿಯಿರಿ. ಪಾದದ ಪಕ್ಕ ನೀರಿಗಿಳಿಸಿ, ಸೊಂಟದವರೆಗೆ ಎಳೆದು ಎತ್ತಿ. ಬರೀ ತೋಳಿನಲ್ಲಿ ಎಳೆದರೆ ಬೇಗ ಸೋಲುತ್ತೀರಿ, ಸೊಂಟದಿಂದ ಮೈ ತಿರುಗಬೇಕು. ಎಡಕ್ಕೆ ತಿರುಗಲು ಬಲಗಡೆ ಅಗಲವಾಗಿ ಬೀಸಿ. ಮಗುಚಿದರೆ ದೋಣಿ ಬಿಡಬೇಡಿ, ಅದು ತೇಲುತ್ತದೆ.

ಚಳಿಗಾಲದಲ್ಲಿ ಮಂಜು ಕರಗಿದ ಮೇಲೇ ಹೊರಡಿ, ಇಲ್ಲದಿದ್ದರೆ ನಡುಗಡ್ಡೆಗಳೆಲ್ಲ ಒಂದೇ ಥರ ಕಂಡು ದಿಕ್ಕು ತಪ್ಪುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ. ಕೈ ಸೋತು ಮರಳುವಾಗ ಅದು ಬೆನ್ನಿಗಿರುತ್ತದೆ.