ರದ್ದತಿ ಪತ್ರದಲ್ಲಿ ನಾನು ಬರೆದ ತಪ್ಪು ಕಾರಣ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಒಳಗೆ ಅಡಿಕೆ ತೋಟದ ನಡುವೆ ಇರುವ ನಮ್ಮ ಹಿರಿಯರ ಹಂಚಿನ ಮನೆಯನ್ನು ರಜೆಗೆ ಬರುವವರಿಗೆ ಬಾಡಿಗೆಗೆ ಕೊಡಲು ಆರಂಭಿಸಿದ್ದು ನಾನು ಶಾಲೆಯಿಂದ ನಿವೃತ್ತಳಾದ ಮರುವರ್ಷ. ಅನಂತಪುರದ ಸರೋವರ ಕ್ಷೇತ್ರ, ಮಧೂರು, ಬೇಕಲ ಕೋಟೆ, ಪೊಸಡಿಗುಂಪೆ ಎಲ್ಲವನ್ನೂ ಎರಡು ಮೂರು ದಿನಗಳಲ್ಲಿ ನೋಡಿ ಮುಗಿಸಬಹುದಾದ್ದರಿಂದ ಬೆಂಗಳೂರು, ಮೈಸೂರು ಕಡೆಯ ಕುಟುಂಬಗಳು ಮಾರ್ಚ್ ಕೊನೆಯಿಂದ ಮೇ ಕೊನೆಯವರೆಗೆ ಬರುತ್ತಿದ್ದವು. 2020ರ ಬೇಸಿಗೆಗೆ ಒಂಬತ್ತು ಬುಕಿಂಗ್‌ಗಳಾಗಿ, ಮುಂಗಡವೆಂದು ಒಟ್ಟು 96,000 ರೂಪಾಯಿ ಕೈಗೆ ಬಂದಿತ್ತು. ಅದರ ಬಹುಪಾಲನ್ನು ನಾನು ಫೆಬ್ರವರಿಯಲ್ಲಿಯೇ ಮಾಡಿನ ಪಕ್ಕಾಸು ಬದಲಿಸಿ ಹಂಚು ಹೊದೆಸುವುದಕ್ಕೆ ಖರ್ಚು ಮಾಡಿಬಿಟ್ಟಿದ್ದೆ.

ದೇಶದ ಮೂರನೆಯ ಕೋವಿಡ್ ಪ್ರಕರಣ ಫೆಬ್ರವರಿ 3ರಂದು ನಮ್ಮದೇ ಜಿಲ್ಲೆಯ ಕಾಞಂಗಾಡಿನಲ್ಲಿ ದೃಢಪಟ್ಟಾಗಲೂ ಯಾರೂ ಬುಕಿಂಗ್ ರದ್ದು ಮಾಡಲಿಲ್ಲ. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಸಾಂಕ್ರಾಮಿಕವೆಂದು ಘೋಷಿಸಿದ ಮೇಲೆ ಫೋನುಗಳು ಬರತೊಡಗಿದವು. ಮಾರ್ಚ್ 20ಕ್ಕೆ ಕಾಸರಗೋಡಿಗೆಂದೇ ವಿಶೇಷ ನಿರ್ಬಂಧಗಳು ಬಂದು ಅಂಗಡಿಗಳು ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ಮಾತ್ರ ತೆರೆಯುವಂತಾಯಿತು; 25ರಿಂದ ಇಡೀ ದೇಶವೇ ಮುಚ್ಚಿತು. ಕರ್ನಾಟಕದ ಕಡೆಯಿಂದ ಗಡಿರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡಿನ ಮುಂದೆ ಬಾಡಿಗೆಯ ಲೆಕ್ಕ ಹೇಳುವುದು ಸಣ್ಣತನವೆನ್ನಿಸುತ್ತದೆ. ಆದರೂ ಒಂಬತ್ತು ಕುಟುಂಬಗಳ ಹಣ ನನ್ನಲ್ಲಿತ್ತು, ಅದಕ್ಕೆ ಉತ್ತರ ಹೇಳಬೇಕಾದವಳು ನಾನೇ.

ನನ್ನ ರಸೀದಿ ಪುಸ್ತಕದ ಕೆಳಗೆ ಎರಡು ಸಾಲಿನ ಷರತ್ತು ಅಚ್ಚಾಗಿತ್ತು: ಹದಿನೈದು ದಿನ ಮೊದಲು ತಿಳಿಸಿದರೆ ಅರ್ಧ ಹಣ ವಾಪಸು, ಆಮೇಲೆ ತಿಳಿಸಿದರೆ ಏನೂ ಇಲ್ಲ. ಊರಿನ ಒಂದು ಕಲ್ಯಾಣ ಮಂಟಪದ ರಸೀದಿಯನ್ನು ನೋಡಿ ಹಾಕಿಸಿಕೊಂಡಿದ್ದ ಷರತ್ತದು. ಅತಿಥಿ ತಾನಾಗಿ ಬಾರದಿದ್ದರೆ ಏನೆಂದು ಅದರಲ್ಲಿತ್ತೇ ಹೊರತು, ಸರಕಾರವೇ ಬರಬೇಡವೆಂದರೆ ಏನೆಂದು ಇರಲಿಲ್ಲ. ಕಾಸರಗೋಡಿನಲ್ಲಿ ವಕೀಲನಾಗಿರುವ ಸೋದರಳಿಯನಿಗೆ ಫೋನಿನಲ್ಲಿ ಓದಿ ಹೇಳಿದೆ. "ಅತ್ತೆ, ನೀವು ಮನೆ ಕೊಡುವ ಹಾಗಿಲ್ಲ, ಅವರು ಬರುವ ಹಾಗಿಲ್ಲ ಎಂದ ಮೇಲೆ ಈ ಷರತ್ತಿಗೆ ಕೆಲಸವೇ ಇಲ್ಲ" ಎಂದ. 1872ರ ಭಾರತೀಯ ಕರಾರು ಕಾಯಿದೆಯ 56ನೆಯ ಸೆಕ್ಷನ್ ಪ್ರಕಾರ ನೆರವೇರಿಸಲು ಅಸಾಧ್ಯವಾದ ಕರಾರು ಅನೂರ್ಜಿತವಾಗುತ್ತದೆ, 65ನೆಯ ಸೆಕ್ಷನ್ ಪ್ರಕಾರ ಅಂಥ ಕರಾರಿನಿಂದ ಪಡೆದ ಲಾಭವನ್ನು ಹಿಂದಿರುಗಿಸಬೇಕು ಎಂದು ಅವನು ವಿವರಿಸಿದ. ಹಣ ಹಂಚಾಗಿ ಮಾಡಿನ ಮೇಲೆ ಕುಳಿತಿದ್ದರೂ ಆ ಮಾತಿಗೆ ನನ್ನಲ್ಲಿ ಎದುರುತ್ತರವಿರಲಿಲ್ಲ.

ಅಲ್ಲಿಂದ ಮುಂದೆ ನಾನು ಪ್ರತಿಯೊಂದು ಬುಕಿಂಗನ್ನೂ ಒಂದೇ ಪ್ರಶ್ನೆಯಿಂದ ನೋಡತೊಡಗಿದೆ: ರದ್ದು ಮಾಡಿದವರು ಯಾರು, ಯಾವ ದಿನ? ಇಬ್ಬರು ಮಾರ್ಚ್ 13, 14ರ ಹೊತ್ತಿಗೆ, ಪ್ರಯಾಣಕ್ಕೆ ಯಾವ ನಿರ್ಬಂಧವೂ ಇಲ್ಲದಿದ್ದಾಗ, ಹೆದರಿ ಏಪ್ರಿಲ್‌ನ ಪ್ರವಾಸವನ್ನು ಕೈಬಿಟ್ಟಿದ್ದರು. ಅವರಿಗೆ ಷರತ್ತಿನಂತೆ ಅರ್ಧ ಹಣ ಕೊಟ್ಟು, ಉಳಿದರ್ಧವನ್ನು ಮುಂದಿನ ಭೇಟಿಗೆ ಜಮೆ ಇಟ್ಟೆ. ಆರು ಬುಕಿಂಗ್‌ಗಳು ಲಾಕ್‌ಡೌನ್ ಬರುವವರೆಗೂ ಹಾಗೆಯೇ ಉಳಿದಿದ್ದವು. ಅವುಗಳಲ್ಲಿ ಮೇ ತಿಂಗಳ ಮೂರು ಮನೆಯವರು ಮಾರ್ಚ್‌ನಲ್ಲಿಯೇ ರದ್ದು ಮಾಡಲು ಹೊರಟಾಗ, ಅವಸರ ಮಾಡಬೇಡಿ, ನೀವಾಗಿ ರದ್ದು ಮಾಡಿದರೆ ಅರ್ಧ, ಆದೇಶದಿಂದ ರದ್ದಾದರೆ ಪೂರ್ತಿ ಎಂದು ನಾನೇ ಹೇಳಿದೆ. ನನಗೆ ನಷ್ಟವಾಗುವ ಸಲಹೆಯೆಂದು ಯಜಮಾನರು ಗೊಣಗಿದರು. ಲಾಕ್‌ಡೌನ್ ಮೇ 3ಕ್ಕೆ, 17ಕ್ಕೆ, 31ಕ್ಕೆ ಎಂದು ಬೆಳೆಯುತ್ತ ಹೋಗಿ, ಹೋಟೆಲುಗಳಿಗೆ ಬಾಗಿಲು ತೆರೆಯಲು ಅನುಮತಿ ಸಿಕ್ಕಿದ್ದು ಜೂನ್ 8ರಿಂದ. ಆರು ಮನೆಗಳ 64,000 ರೂಪಾಯಿಯನ್ನು ಮೂರು ಕಂತುಗಳಲ್ಲಿ ಕೊಡುತ್ತೇನೆಂದು ಬರೆದು ತಿಳಿಸಿದೆ. ಅಡಿಕೆ ಅಟ್ಟದಲ್ಲಿದ್ದರೂ ಮಾರುವ ದಾರಿ ಮುಚ್ಚಿತ್ತು. ಒಬ್ಬರೂ ಬೇಡವೆನ್ನಲಿಲ್ಲ. ಕಂತಿನ ದಿನಾಂಕವನ್ನು ಮೊದಲೇ ಬರೆದುಕೊಟ್ಟರೆ ಜನ ತಾಳ್ಮೆಯಿಂದ ಕಾಯುತ್ತಾರೆ. ಫೋನ್ ಎತ್ತದಿದ್ದರೆ ಮಾತ್ರ ಜಗಳಕ್ಕೆ ನಿಲ್ಲುತ್ತಾರೆ.

ಒಂಬತ್ತರಲ್ಲಿ ಮೂವರು ತಮಗೆ ವಿಮೆ ಇದೆಯೆಂದು ಹೇಳಿದ್ದರು. ಒಬ್ಬರದು ರೈಲು ಟಿಕೆಟ್ಟಿನ ಜೊತೆ ಅರ್ಧ ರೂಪಾಯಿಗೂ ಕಡಿಮೆ ಹಣಕ್ಕೆ ಸಿಗುತ್ತಿದ್ದ ವಿಮೆ. ಅದು ರೈಲು ಅಪಘಾತದಲ್ಲಿ ಸಾವು, ಅಂಗವೈಕಲ್ಯ, ಆಸ್ಪತ್ರೆ ವೆಚ್ಚ ಇಂಥವಕ್ಕೆ ಇರುವುದು. ಪ್ರವಾಸ ತಪ್ಪಿದ್ದಕ್ಕೂ ಮನೆಬಾಡಿಗೆಗೂ ಅದು ಒಂದು ಪೈಸೆಯನ್ನೂ ಕೊಡುವುದಿಲ್ಲ. ಇನ್ನೊಬ್ಬರು ಸುದ್ದಿ ನೋಡಿ ಮಾರ್ಚ್ 16ರಂದು ಪಾಲಿಸಿ ಮಾಡಿಸಿದ್ದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತಾಗಿತ್ತು: ಎಲ್ಲರಿಗೂ ಗೊತ್ತಾಗಿಹೋದ ಘಟನೆಯ ನಂತರ ಕೊಂಡ ಪಾಲಿಸಿಗೆ ಆ ಘಟನೆಯ ನಷ್ಟ ಸೇರುವುದಿಲ್ಲ, ಪ್ರವಾಸಕ್ಕೆ ಹೆದರಿಕೆಯೆಂಬುದು ವಿಮೆಯ ಭಾಷೆಯಲ್ಲಿ ಕಾರಣವೂ ಅಲ್ಲ. ನನ್ನ ಮನೆಗೇ ಇದ್ದ ಬೆಂಕಿ ವಿಮೆಯಿಂದ ಬಾಡಿಗೆಯ ನಷ್ಟ ಸಿಗಬಹುದೇ ಎಂದು ನಾನೂ ಕೇಳಿ ನೋಡಿದೆ. ಗೋಡೆಗೋ ಮಾಡಿಗೋ ಹಾನಿಯಾಗದೆ ಕೇವಲ ವ್ಯಾಪಾರ ನಿಂತರೆ ಅದು ಅನ್ವಯಿಸುವುದಿಲ್ಲವೆಂದು ಏಜೆಂಟರು ಹೇಳಿದರು.

ಮೂರನೆಯವರ ಪಾಲಿಸಿ ಸರಿಯಾದದ್ದು, ಅದನ್ನು ಕೆಡಿಸಿದವಳು ನಾನು. ಮೈಸೂರಿನ ಆ ಗೃಹಸ್ಥರು ಜನವರಿಯಲ್ಲಿಯೇ ಪ್ರವಾಸ ವಿಮೆ ಮಾಡಿಸಿದ್ದರು. ಮಾರ್ಚ್ 27ರಂದು ಬರಬೇಕಿದ್ದ ಅವರು 18ರ ಸಂಜೆ ಫೋನ್ ಮಾಡಿದಾಗ ನಾನು ಅಂಗಳದಲ್ಲಿ ಒಣಗಿದ ಕಾಳುಮೆಣಸು ಬಾಚುತ್ತಿದ್ದೆ. "ಮೇಡಂ, ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ, ನಾಳೆ ಆಪರೇಷನ್, ನಮಗೆ ಬರಲಾಗುವುದಿಲ್ಲ" ಎಂದರು. ಉಳಿದದ್ದು ಒಂಬತ್ತೇ ದಿನವಾದ್ದರಿಂದ ಷರತ್ತಿನಂತೆ ಅವರ 12,000 ರೂಪಾಯಿ ಮುಂಗಡ ವಾಪಸಿರಲಿಲ್ಲ. ಅದನ್ನು ವಿಮೆಯಿಂದ ಪಡೆಯಲು ನನ್ನಿಂದ ರದ್ದತಿ ಪತ್ರ ಕೇಳಿದರು. ನಾನು ಆ ದಿನ ಉಳಿದ ಆರು ಮನೆಗಳಿಗೂ ಪತ್ರ ಬರೆಯುತ್ತಿದ್ದವಳು, ಅದೇ ವಾಕ್ಯವನ್ನು ಏಳನೆಯ ಹಾಳೆಗೂ ಇಳಿಸಿದೆ: ಕೋವಿಡ್-19 ಸಾಂಕ್ರಾಮಿಕದ ಕಾರಣ ಈ ಬುಕಿಂಗ್ ರದ್ದಾಗಿದೆ. ಸಹಿ ಹಾಕಿ, ಫೋಟೊ ತೆಗೆದು ವಾಟ್ಸ್ಆ್ಯಪ್ ಮಾಡಿದೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ನಕಲನ್ನು ದೂರದಿಂದಲೇ ಹಿಡಿಯುತ್ತಿದ್ದವಳಿಗೆ ನನ್ನದೇ ನಕಲು ಕಾಣಲಿಲ್ಲ.

ಅವರ ಪಾಲಿಸಿಯಲ್ಲಿ ಹತ್ತಿರದ ಸಂಬಂಧಿಕರು ಆಸ್ಪತ್ರೆಗೆ ಸೇರಿದರೆ ಹಣ ಸಿಗುತ್ತಿತ್ತು, ಸಾಂಕ್ರಾಮಿಕ ರೋಗದಿಂದಾದ ರದ್ದತಿಗೆ ಸಿಗುತ್ತಿರಲಿಲ್ಲ. ಆಸ್ಪತ್ರೆಯ ಕಾಗದಗಳೆಲ್ಲ ಒಂದು ಹೇಳಿದರೆ ನನ್ನ ಪತ್ರ ಇನ್ನೊಂದು ಹೇಳಿತು. ಕಂಪೆನಿ ನನ್ನ ಪತ್ರವನ್ನೇ ಹಿಡಿದು ಕ್ಲೇಮನ್ನು ತಿರಸ್ಕರಿಸಿತು. ಅವರು ಬೇಸರದಿಂದಲೇ ಆ ಉತ್ತರವನ್ನು ನನಗೆ ಕಳಿಸಿದಾಗ ತಪ್ಪು ಎಲ್ಲಿದೆಯೆಂದು ತಿಳಿಯಿತು.

ತಿದ್ದುವಾಗ ಹಳೆಯ ಪತ್ರವನ್ನು ಮುಚ್ಚಿಟ್ಟು ಹಿಂದಿನ ದಿನಾಂಕದ ಹೊಸ ಪತ್ರ ಕೊಡುವ ಸುಲಭದ ದಾರಿಯನ್ನು ನಾನು ಹಿಡಿಯಲಿಲ್ಲ. ಅಂಥ ಪತ್ರ ಸಿಕ್ಕಿಬಿದ್ದರೆ ಅವರ ನಿಜವೂ ಸುಳ್ಳಾಗುತ್ತಿತ್ತು. ಆ ದಿನದ ದಿನಾಂಕವನ್ನೇ ಹಾಕಿ, ಹಿಂದಿನ ಪತ್ರದಲ್ಲಿ ಕಾರಣವನ್ನು ನಾನು ತಪ್ಪಾಗಿ ಬರೆದಿದ್ದೇನೆ, ಬುಕಿಂಗನ್ನು ಅತಿಥಿ ಮಾರ್ಚ್ 18ರಂದು ಫೋನಿನಲ್ಲಿ ತಂದೆಯ ಶಸ್ತ್ರಚಿಕಿತ್ಸೆಯ ಕಾರಣ ಹೇಳಿ ರದ್ದು ಮಾಡಿದರು, ಆ ದಿನ ನನ್ನ ಮನೆ ಬಾಡಿಗೆಗೆ ತೆರೆದಿತ್ತು, ಷರತ್ತಿನಂತೆ 12,000 ರೂಪಾಯಿ ನನ್ನಲ್ಲಿಯೇ ಉಳಿದಿದೆ ಎಂದು ಬರೆದೆ. ಜೊತೆಗೆ ಬುಕಿಂಗ್ ಪುಸ್ತಕದ ಆ ಪುಟದ ಪ್ರತಿ, ಅದರಲ್ಲಿ ನಾನು ಪೆನ್ಸಿಲಿನಲ್ಲಿ ಗೀಚಿಟ್ಟಿದ್ದ "18/3 ಸಂಜೆ, ಅಪ್ಪ ಬಿದ್ದರು, ಆಪರೇಷನ್" ಎಂಬ ಸಾಲು, ಅದರ ಇಂಗ್ಲಿಷ್ ಅನುವಾದ, ರಸೀದಿಯ ಕಾರ್ಬನ್ ಪ್ರತಿ ಇಷ್ಟನ್ನೂ ಸೇರಿಸಿದೆ. ಅವರು ಆಸ್ಪತ್ರೆಗೆ ಸೇರಿಸಿದ ದಿನಾಂಕವಿರುವ ಡಿಸ್ಚಾರ್ಜ್ ಸಮ್ಮರಿ, ಬ್ಯಾಂಕ್ ಪಾಸ್‌ಪುಸ್ತಕದ ಪುಟ ಇವನ್ನು ಲಗತ್ತಿಸಿ ಕಂಪೆನಿಯ ದೂರು ವಿಭಾಗಕ್ಕೆ ಕಳಿಸಿದರು. ಒಂದು ತಿಂಗಳಲ್ಲಿ ಒಪ್ಪುವ ಉತ್ತರ ಬಾರದಿದ್ದರೆ, ತಿರಸ್ಕಾರವಾದ ಒಂದು ವರ್ಷದೊಳಗೆ, ವಿಮೆಯ ದೂರುಗಳನ್ನು ಕೇಳಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ, ವಕೀಲರಿಲ್ಲದೆ ದೂರು ಕೊಡಬಹುದೆಂದು ಸೋದರಳಿಯ ಹೇಳಿದ್ದ. ಕೇರಳದವರಿಗೆ ಅದರ ಕಚೇರಿ ಕೊಚ್ಚಿಯಲ್ಲಿದೆ, ಅವರಿಗಾದರೆ ಬೆಂಗಳೂರಿನಲ್ಲಿ. ಅಲ್ಲಿಗೆ ಹೋಗುವ ಪ್ರಮೇಯ ಬರಲಿಲ್ಲ. ಜುಲೈಯಲ್ಲಿ, ಪಾಲಿಸಿದಾರರೇ ಹೊರಬೇಕಾದ ಮೊದಲ ಸಾವಿರವನ್ನು ಕಳೆದು 11,000 ರೂಪಾಯಿ ಬಂತು.

ಮಾರ್ಚ್ 27ರಂದು ಮನೆ ಹೇಗೂ ಮುಚ್ಚಿರುತ್ತಿತ್ತಲ್ಲ, ಹಾಗಿದ್ದ ಮೇಲೆ ಆ 12,000 ನನ್ನಲ್ಲಿ ಉಳಿಯಬಹುದೇ ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಕೊರೆಯಿತು. ಕರಾರು 18ಕ್ಕೇ ಮುಗಿಯಿತು, ಆದೇಶ ಬಂದದ್ದು ಆಮೇಲೆ ಎಂದು ಸೋದರಳಿಯ ಸಮಾಧಾನ ಹೇಳಿದ. ಮುಂದೆ ಅವರು ಬಂದಾಗ ಒಂದು ರಾತ್ರಿಯ ಬಾಡಿಗೆಯನ್ನು ನಾನು ತೆಗೆದುಕೊಳ್ಳಲಿಲ್ಲ.

ಈಗ ನನ್ನ ಪುಸ್ತಕದಲ್ಲಿ ಪ್ರತಿ ಬುಕಿಂಗ್‌ಗೂ ಫೋನ್ ಬಂದ ದಿನ ಮತ್ತು ಹೊತ್ತು, ರದ್ದು ಮಾಡಿದವರು, ಅವರದೇ ಮಾತಿನಲ್ಲಿ ಕಾರಣ, ಉಳಿದ ಹಣ ಎಂದು ಜಾಗ ಬಿಟ್ಟಿದ್ದೇನೆ. ರಸೀದಿಯ ಷರತ್ತಿನಲ್ಲಿ ಸರಕಾರಿ ಆದೇಶದಿಂದ ಬರಲಾಗದಿದ್ದರೆ ಪೂರ್ತಿ ಹಣ ವಾಪಸು ಎಂಬ ಸಾಲನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸೇರಿಸಿದ್ದೇನೆ. ಮಲಯಾಳದಲ್ಲಿ ಬರುವ ಆದೇಶಗಳನ್ನು ಮೈಸೂರಿನವರು ಓದಲಾರರಾದ್ದರಿಂದ ಮೂಲದ ಪ್ರತಿಯೊಂದಿಗೆ ಎರಡು ಸಾಲಿನ ಕನ್ನಡ ಸಾರಾಂಶ ಬರೆದು ಕಳಿಸುತ್ತೇನೆ.

2021ರ ಫೆಬ್ರವರಿಯಲ್ಲಿ ಹೊಸದೊಂದು ತೊಡಕು ಬಂತು. ಕೇರಳದಿಂದ ಹೋಗುವವರು 72 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತೋರಿಸಬೇಕೆಂದು ಕರ್ನಾಟಕ ಆದೇಶಿಸಿದಾಗ, ನನ್ನ ಮನೆಗೆ ಬರಲು ಯಾವ ಅಡ್ಡಿಯೂ ಇಲ್ಲದೆ, ತಲಪಾಡಿಯ ಗಡಿ ದಾಟಿ ತಮ್ಮ ಮನೆಗೆ ಮರಳಲು ಕಷ್ಟವಾಗಿ ಎರಡು ಕುಟುಂಬಗಳು ಬುಕಿಂಗ್ ಬಿಟ್ಟವು. ಅದನ್ನು ಯಾವ ಕಲಮಿಗೆ ಸೇರಿಸಬೇಕೆಂದು ತಿಳಿಯದೆ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದು, ದಿನಾಂಕ ಬದಲಿಸಿಕೊಟ್ಟೆ. ಮೇ 8ರಿಂದ ಕೇರಳ ಮತ್ತೆ ಮುಚ್ಚಿದಾಗ ನನ್ನಲ್ಲಿದ್ದುದು ನಾಲ್ಕು ಮನೆಗಳ ಮುಂಗಡ. ಈ ಬಾರಿ ಅದನ್ನು ಮುಟ್ಟದೆ ಬೇರೆ ಖಾತೆಯಲ್ಲಿ ಇಟ್ಟಿದ್ದೆ. ಮೂರು ದಿನದೊಳಗೆ ಎಲ್ಲರಿಗೂ ಮರಳಿಸಿದೆ.