ಏಜೆನ್ಸಿ ಪೇರೋಲ್‌ಗೆ ಸೇರುವ ಮುಂಚೆ ನಾನು ಹಾಕಿದ ಲೆಕ್ಕ

ಬಿ.ಕಾಂ ಮುಗಿಸಿ ತಿಪಟೂರಿನಿಂದ ಬೆಂಗಳೂರಿಗೆ ಬಂದಾಗ, 2022ರಲ್ಲಿ, ನನ್ನ ಮುಂದೆ ಎರಡು ಕೆಲಸ ಇದ್ದವು. ಒಂದು ಚಿಕ್ಕಪೇಟೆಯ ಬಟ್ಟೆ ಹೋಲ್‌ಸೇಲ್ ಅಂಗಡಿಯಲ್ಲಿ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ನೋಡಿಕೊಳ್ಳುವುದು. ತಿಂಗಳಿಗೆ 15,000, ಪಿಎಫ್ (ಭವಿಷ್ಯ ನಿಧಿ) ಇಲ್ಲ, ಇಎಸ್‌ಐ (ಚಿಕಿತ್ಸೆಗೆ ಆಗುವ ಕಾರ್ಮಿಕರ ವಿಮೆ) ಇಲ್ಲ. ಇನ್ನೊಂದು ಬೊಮ್ಮಸಂದ್ರದ ದೊಡ್ಡ ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ. ಸಿಟಿಸಿ, ಅಂದರೆ ನನಗಾಗಿ ಮಾಡುವ ಒಟ್ಟು ಖರ್ಚು, 18,000. ಆದರೆ ಕಂಪನಿ ನೇರವಾಗಿ ತೆಗೆದುಕೊಳ್ಳುವುದಿಲ್ಲ, ಸ್ಟಾಫಿಂಗ್ ಏಜೆನ್ಸಿಯ ಪೇರೋಲ್‌ನಲ್ಲಿರಬೇಕು, ಕರಾರು 11 ತಿಂಗಳದ್ದು.

ನಾನು ಎರಡನೆಯದಕ್ಕೆ ಸೇರಿದೆ. ಈಗ ನಮ್ಮ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡಿ ಇದನ್ನೇ ಕೇಳುತ್ತಾರೆ, ಹಾಗಾಗಿ ಹೇಗೆ ಯೋಚನೆ ಮಾಡಿದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಮನೆಯಲ್ಲಿ ಅಪ್ಪನಿಗೆ ಇಷ್ಟವಿರಲಿಲ್ಲ. "ದುಡಿಯೋದು ಒಬ್ಬರ ಹತ್ರ, ಸಂಬಳ ಕೊಡೋದು ಇನ್ನೊಬ್ರು. ನಾಳೆ ತೊಂದ್ರೆ ಆದ್ರೆ ಯಾರನ್ನಮ್ಮ ಕೇಳ್ತೀಯ?" ಅಂದರು. ಆ ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ಹುಡುಕಿಕೊಂಡೇ ನಾನು ಮುಂದೆ ಹೋದದ್ದು.

ಮೊದಲು ಒಂದು ವಿಷಯ. ಏಜೆನ್ಸಿ ಅಂತ ಎಲ್ಲರನ್ನೂ ಒಂದೇ ಹೆಸರಲ್ಲಿ ಕರೆಯುತ್ತೇವೆ, ಆದರೆ ಎರಡು ಥರ ಇವೆ. ಕೆಲವರು ಕೆಲಸ ಕೊಡಿಸಿ ಹೊರಟುಹೋಗುತ್ತಾರೆ, ಸಂಬಳ ಕಂಪನಿಯದ್ದೇ. ಇನ್ನು ಕೆಲವರು ತಮ್ಮ ಪೇರೋಲ್‌ನಲ್ಲೇ ಇಟ್ಟುಕೊಂಡು ಕಂಪನಿಗೆ ಕಳಿಸುತ್ತಾರೆ, ನೇಮಕಾತಿ ಪತ್ರ, ಸಂಬಳ, ಪಿಎಫ್ ಎಲ್ಲ ಅವರ ಹೆಸರಲ್ಲಿ. ನಾನು ಹೇಳುತ್ತಿರುವುದು ಈ ಎರಡನೆಯವರ ವಿಚಾರ. ಯಾವ ಥರದವರೇ ಆಗಲಿ, ನಮ್ಮಿಂದ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬರಬೇಕು. ಅವರ ಸರ್ವಿಸ್ ಚಾರ್ಜ್ ಕಂಪನಿಯೇ ಕೊಡುತ್ತದೆ. ಮೆಜೆಸ್ಟಿಕ್ ಹತ್ತಿರ ಒಂದು ಕಡೆ ರಿಜಿಸ್ಟ್ರೇಷನ್ ಅಂತ 2,000 ಕೇಳಿದರು, ಜೊತೆಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರು. ಕೊಡಲ್ಲ ಅಂತ ಹೇಳಿ ಬಂದೆ.

ಬೊಮ್ಮಸಂದ್ರದ ಕೆಲಸಕ್ಕೆ ಮಾತಾಡಿದ ಏಜೆನ್ಸಿಯವರು ದುಡ್ಡು ಕೇಳಲಿಲ್ಲ. ಆದರೆ ಎಲ್ಲರಿಗೂ ಹೇಳುವ ಮಾತನ್ನೇ ನನಗೂ ಹೇಳಿದರು. "ಆರು ತಿಂಗಳು ಚೆನ್ನಾಗಿ ಮಾಡಿ ಮೇಡಂ, ಕಂಪನಿಯವರೇ ಅವರ ರೋಲ್‌ಗೆ ತಗೊಳ್ತಾರೆ."

"ಅದನ್ನ ಲೆಟರ್‌ನಲ್ಲಿ ಬರೆದು ಕೊಡ್ತೀರಾ ಸರ್?"

"ಅದು ಕಂಪನಿ ಕೈಲಿರೋದು. ನಾವು ಬರೆಯೋಕಾಗಲ್ಲ."

ಅಷ್ಟು ಸಾಕಾಯಿತು. ಪರ್ಮನೆಂಟ್ ಆಗುವ ಆಸೆಯ ಬೆಲೆಯನ್ನು ನನ್ನ ಲೆಕ್ಕದಲ್ಲಿ ಸೊನ್ನೆ ಅಂತ ಬರೆದುಕೊಂಡೆ. ಅದನ್ನು ತೆಗೆದ ಮೇಲೂ ಈ ಕೆಲಸ ಚಿಕ್ಕಪೇಟೆ ಕೆಲಸಕ್ಕಿಂತ ಮೇಲಾ? ನನ್ನ ಇಡೀ ನಿರ್ಧಾರ ನಿಂತದ್ದು ಈ ಒಂದು ಪ್ರಶ್ನೆಯ ಮೇಲೆ.

ಸಂಬಳದ ಬ್ರೇಕಪ್ ಬರೆಸಿಕೊಂಡೆ. ಬೇಸಿಕ್ (ಮೂಲ ವೇತನ) 12,000. ಕಂಪನಿ ಕಡೆಯ ಪಿಎಫ್ ಮತ್ತದರ ಖರ್ಚು ಸೇರಿ 1,560, ಕಂಪನಿ ಕಡೆಯ ಇಎಸ್‌ಐ 3.25 ಪರ್ಸೆಂಟ್, ಎರಡೂ ಆ 18,000ದ ಒಳಗೇ ಇದ್ದವು. ಉಳಿದ ಗ್ರಾಸ್, ಅಂದರೆ ನನ್ನ ಕಡೆಯ ಕಡಿತಕ್ಕೆ ಮುಂಚಿನ ಸಂಬಳ, ಸುಮಾರು 15,900. ಅದರಲ್ಲಿ ನನ್ನ ಪಾಲಿನ ಪಿಎಫ್ 1,440, ಇಎಸ್‌ಐ 0.75 ಪರ್ಸೆಂಟ್, ಆಗಿನ ಪ್ರೊಫೆಷನಲ್ ಟ್ಯಾಕ್ಸ್ 200 ಕಳೆದರೆ ಕೈಗೆ ಬರುವುದು 14,150ರ ಆಸುಪಾಸು. ಅಂದರೆ ಚಿಕ್ಕಪೇಟೆಗಿಂತ ಕೈಗೆ ಕಡಿಮೆ! 18,000 ಅನ್ನುವ ಅಂಕಿ ಕೇಳಿ ಸೇರಿದ್ದರೆ ಮೊದಲ ಸಂಬಳದ ದಿನ ಬೇಜಾರಾಗುತ್ತಿತ್ತು.

ಆದರೆ ಕೈಗೆ ಬರುವುದಷ್ಟೇ ಲೆಕ್ಕವಲ್ಲ. ನನ್ನ 1,440ರ ಜೊತೆ ಕಂಪನಿ ಕಡೆಯಿಂದ 440 ಪಿಎಫ್ ಖಾತೆಗೆ, ಇನ್ನು 1,000 ಪೆನ್ಷನ್ ಖಾತೆಗೆ ಹೋಗುತ್ತದೆ. ಇಎಸ್‌ಐ ಇದ್ದರೆ ಅಮ್ಮನ ಹೆಸರನ್ನೂ ಅವಲಂಬಿತರ ಪಟ್ಟಿಗೆ ಸೇರಿಸಬಹುದಿತ್ತು. ಅಮ್ಮನಿಗೆ ಶುಗರ್ ಇದೆ, ತಿಂಗಳ ಮಾತ್ರೆಗೆ ಎಷ್ಟಾಗುತ್ತದೆ ಅಂತ ಅಂಥ ಮನೆಯವರಿಗೆಲ್ಲ ಗೊತ್ತು. ಅಲ್ಲಿಗೆ ತಕ್ಕಡಿ ಈ ಕಡೆ ವಾಲಿತು.

ಇನ್ನು ಪಿಎಫ್ ನಿಜವಾಗಿ ಕಟ್ಟುತ್ತಾರಾ? ಇದನ್ನು ಸೇರುವ ಮುಂಚೆಯೇ ನೋಡಬಹುದು ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒದ ವೆಬ್‌ಸೈಟ್‌ನಲ್ಲಿ ಎಸ್ಟಾಬ್ಲಿಷ್‌ಮೆಂಟ್ ಸರ್ಚ್ ಅಂತ ಇದೆ. ಲಾಗಿನ್ ಬೇಕಿಲ್ಲ. ಏಜೆನ್ಸಿಯ ಹೆಸರು ಹಾಕಿದರೆ ಯಾವ ತಿಂಗಳ ಪಿಎಫ್ ಯಾವ ದಿನ ಕಟ್ಟಿದ್ದಾರೆ, ಎಷ್ಟು ಜನರಿಗೆ, ಒಟ್ಟು ಎಷ್ಟು ದುಡ್ಡು ಅನ್ನುವುದು ಸಾಲಾಗಿ ಬರುತ್ತದೆ. ನಾನು ಒಂದು ವರ್ಷದ ಸಾಲುಗಳನ್ನು ಕೂತು ನೋಡಿದೆ. ತಿಂಗಳು ತಪ್ಪಿರಲಿಲ್ಲ. ಜನರ ಸಂಖ್ಯೆ ದಿಢೀರ್ ಕುಸಿದಿರಲಿಲ್ಲ. ರಿಸೆಪ್ಷನ್‌ನಲ್ಲಿ ಎಷ್ಟು ನಗುಮುಖದಿಂದ ಮಾತಾಡಿಸಿದರೂ ಆ ಸಾಲುಗಳಷ್ಟು ಧೈರ್ಯ ಕೊಡುವುದಿಲ್ಲ.

ಆಮೇಲೆ ಕಾರ್ಖಾನೆ ಗೇಟಿನ ಎದುರಿನ ಟೀ ಅಂಗಡಿಗೆ ಹೋದೆ. ಮಧ್ಯಾಹ್ನ ಶಿಫ್ಟ್ ಬಿಡುವ ಹೊತ್ತು. ಕಂಪನಿಯವರ ಐಡಿ ಕಾರ್ಡಿನ ದಾರ ನೀಲಿ, ಕಾಂಟ್ರಾಕ್ಟ್‌ನವರದ್ದು ಹಸಿರು. ಹಸಿರು ದಾರದ ಒಬ್ಬ ಅಕ್ಕನ ಪಕ್ಕ ನಿಂತು ಸಂಬಳ ಸರಿಯಾಗಿ ಬರುತ್ತಾ ಅಂತ ಕೇಳಿದೆ. "ಏಳನೇ ತಾರೀಖು ಬರುತ್ತೆ ಕಣಮ್ಮ, ಏಳು ಭಾನುವಾರ ಬಿದ್ರೆ ಮುಂಚೇನೇ. ಓವರ್‌ಟೈಮ್ ದುಡ್ಡು ಮಾತ್ರ ನೀನೇ ಲೆಕ್ಕ ಇಟ್ಕೊಂಡು ಕೇಳ್ಬೇಕು, ಸುಮ್ನಿದ್ರೆ ಮುಂದಿನ ತಿಂಗ್ಳಿಗೆ ಹೋಗುತ್ತೆ" ಅಂದರು. ನೀವು ಎಲ್ಲಿಗೆ ಸೇರುವುದಿದ್ದರೂ ಈ ಒಂದು ಟೀ ಕುಡಿದು ಬನ್ನಿ.

ಅಪ್ಪನ ಪ್ರಶ್ನೆಗೂ ಉತ್ತರ ಸಿಕ್ಕಿತು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಗುತ್ತಿಗೆದಾರ ಸಂಬಳ ಕೊಡದೇ ಹೋದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಆ ಹೊಣೆ ಹಾಗೇ ಇದೆ, ನೇಮಕಾತಿ ಪತ್ರ ಕೊಡುವುದೂ ಕಡ್ಡಾಯ. ಪತ್ರದಲ್ಲಿ ಏಜೆನ್ಸಿಯ ಹೆಸರಿನ ಜೊತೆ ನಿಮ್ಮನ್ನು ಯಾವ ಕಂಪನಿಗೆ ಕಳಿಸುತ್ತಿದ್ದಾರೆ ಅನ್ನುವುದೂ ಇರಲಿ, ಹಾಗೆ ಕೇಳಿ ಬರೆಸಿಕೊಳ್ಳಿ. ನಾಳೆ ಕಂಪನಿಯನ್ನು ಕೇಳಬೇಕಾಗಿ ಬಂದರೆ ಅದೇ ಸಾಕ್ಷಿ.

ಆದರೂ ನಾನು ಕೊನೆಗೆ ಒಪ್ಪಿದ್ದು ಇದ್ಯಾವುದಕ್ಕೂ ಅಲ್ಲ. ಕೆಲಸಕ್ಕಾಗಿ. ಅಲ್ಲಿ ದೊಡ್ಡ ಕಂಪನಿಗಳು ಬಳಸುವ ಎಸ್‌ಎಪಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸಪ್ಲೈಯರ್‌ಗಳ ಬಿಲ್ ಎಂಟ್ರಿ ಮಾಡಬೇಕಿತ್ತು. ಚಿಕ್ಕಪೇಟೆಯಲ್ಲಿ ಎಷ್ಟು ವರ್ಷ ಕೂತಿದ್ದರೂ ನನ್ನ ಕೈಗೆ ಎಸ್‌ಎಪಿ ಸಿಗುತ್ತಿರಲಿಲ್ಲ. ಪರ್ಚೇಸ್ ಆರ್ಡರ್, ಸ್ಟೋರ್ಸ್‌ನವರು ಹಾಕಿದ ಮಾಲಿನ ರಸೀತಿ, ಸಪ್ಲೈಯರ್ ಬಿಲ್, ಮೂರೂ ತಾಳೆಯಾಗಬೇಕು. ಬಿಲ್‌ನಲ್ಲಿ 500 ಬೋಲ್ಟ್, ಸ್ಟೋರ್ಸ್‌ಗೆ ಬಂದದ್ದು 480 ಅಂದರೆ ಪೇಮೆಂಟ್ ಬ್ಲಾಕ್ ಆಗುತ್ತದೆ. ಆಗ ಸ್ಟೋರ್ಸ್‌ಗೆ ಫೋನ್ ಮಾಡಿ, ಗೇಟ್ ಎಂಟ್ರಿ ನೋಡಿ, ಕಮ್ಮಿ ಬಿದ್ದ 20ಕ್ಕೆ ಡೆಬಿಟ್ ನೋಟ್ (ಅಷ್ಟರ ದುಡ್ಡು ಬಿಲ್‌ನಿಂದ ಕಳೆಯುವ ಚೀಟಿ) ಹಾಕಬೇಕು. ಮೊದಮೊದಲು ಕಷ್ಟವಾಯಿತು. ಆಮೇಲೆ ಇಷ್ಟವಾಯಿತು.

ಕಂಪನಿ ನನ್ನನ್ನು ರೋಲ್‌ಗೆ ತೆಗೆದುಕೊಳ್ಳಲಿಲ್ಲ. ಕರಾರು ಒಮ್ಮೆ ಮುಂದುವರಿಸಿದರು ಅಷ್ಟೆ. ಅದನ್ನು ಮೊದಲೇ ಸೊನ್ನೆ ಅಂತ ಬರೆದಿದ್ದರಿಂದ ಆರು ತಿಂಗಳಾದ ಮೇಲಿಂದಲೇ ಬೇರೆ ಕಡೆ ಅರ್ಜಿ ಹಾಕತೊಡಗಿದ್ದೆ. ವೈಟ್‌ಫೀಲ್ಡ್‌ನಲ್ಲಿ ಇಂಟರ್‌ವ್ಯೂ ಮಾಡಿದವರು, ಬಿಲ್‌ಗಿಂತ ಮಾಲು ಕಮ್ಮಿ ಬಂದರೆ ಏನು ಮಾಡ್ತೀರಿ ಅಂತ ಕೇಳಿದರು. ಗಡಗಡ ಹೇಳಿದೆ. ಯಾರ ಪೇರೋಲ್‌ನಲ್ಲಿದ್ದಿರಿ ಅನ್ನುವುದನ್ನು ಅವರು ಕೇಳಲೇ ಇಲ್ಲ. ಅಲ್ಲಿ ನೇರವಾಗಿ ಕಂಪನಿ ರೋಲ್ ಸಿಕ್ಕಿತು.

ಬಿಡುವಾಗ ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯೆನ್ಸ್ ಲೆಟರ್ ಏಜೆನ್ಸಿಯಿಂದಲೇ ಬರುತ್ತವೆ, ಬೆನ್ನು ಹತ್ತಿ ತೆಗೆದುಕೊಳ್ಳಬೇಕು. ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಅವರು ಹಾಕದಿದ್ದರೆ ಟ್ರಾನ್ಸ್‌ಫರ್ ನಿಂತುಬಿಡುತ್ತದೆ. 2020ರಿಂದ ಅದನ್ನು ನಾವೇ ಹಾಕಿಕೊಳ್ಳಬಹುದು, ಕೆಲಸ ಬಿಟ್ಟು ಎರಡು ತಿಂಗಳಾಗಿರಬೇಕು ಅಷ್ಟೆ. ಹೊಸ ಕಡೆ ಹಳೆಯ ಯುಎಎನ್ನೇ (ಪಿಎಫ್‌ನಲ್ಲಿ ನಿಮಗೆ ಕೊಟ್ಟಿರುವ ಕಾಯಂ ಸಂಖ್ಯೆ) ಕೊಡಿ.

ಎಲ್ಲರಿಗೂ ಸೇರು ಅಂತ ನಾನು ಹೇಳುವುದಿಲ್ಲ. ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ನೆಲಮಂಗಲದ ಗೋಡೌನಿನಲ್ಲಿ ಲೋಡಿಂಗ್, ಏಜೆನ್ಸಿ ಪೇರೋಲ್, ವರ್ಷವಾದ ಮೇಲೆ ಪರ್ಮನೆಂಟ್ ಮಾಡ್ತಾರಂತೆ ಅಕ್ಕ ಅಂದ. ಊರಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿದ್ದಾನೆ, ಬೋರ್‌ವೆಲ್ ಮೋಟಾರು ಬಿಚ್ಚಿ ಕಟ್ಟುವುದನ್ನು ಕಲಿಯುತ್ತಿದ್ದಾನೆ. ಪರ್ಮನೆಂಟ್ ಮಾತನ್ನು ತೆಗೆದಿಟ್ಟು ಲೆಕ್ಕ ಹಾಕು ಅಂದೆ. ಬಾಡಿಗೆ, ಊಟ ಕಳೆದರೆ ಎರಡು ಸಾವಿರವೂ ಉಳಿಯುತ್ತಿರಲಿಲ್ಲ, ಕಲಿಯುವುದಂತೂ ಏನೂ ಇಲ್ಲ. ಬೇಡ ಕಣೋ, ವೈಂಡಿಂಗ್ ಪೂರ್ತಿ ಕಲಿ, ಆಮೇಲೆ ಆ ಕೆಲಸಕ್ಕೇ ಯಾವುದಾದರೂ ಏಜೆನ್ಸಿ ಕರೆದರೆ ಆಗ ನೋಡೋಣ ಅಂತ ಹೇಳಿದೆ.