ಬಿದ್ದ ರೇಡ್‌ನಿಂದ ತೆಪ್ಪೋತ್ಸವದ ವಿಡಿಯೊ ಹೊರತೆಗೆದದ್ದು

ತೀರ್ಥಹಳ್ಳಿಯ ಸ್ಟುಡಿಯೊ ಒಂದರ ಸರ್ವರ್ ಶಿವಮೊಗ್ಗಕ್ಕೆ, ನನ್ನ ಟೇಬಲ್ ಮೇಲೆ ಬಂದದ್ದು ಜುಲೈ ಮಳೆಯಲ್ಲಿ. 2 ಟಿಬಿಯ ನಾಲ್ಕು ಡಿಸ್ಕ್, ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ 5, ಅಂದರೆ ಹಲವು ಡಿಸ್ಕ್ ಸೇರಿ ಒಂದೇ ಡಿಸ್ಕ್‌ನಂತೆ ಕೆಲಸ ಮಾಡುವ, ಒಂದು ಹೋದರೂ ಡೇಟಾ ಉಳಿಯುವ ಏರ್ಪಾಡು. ಮದುವೆ ಫೋಟೊ, ಯಕ್ಷಗಾನ ಮೇಳದ ಆಟಗಳು, ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವ, ಎಲ್ಲ ಅದರಲ್ಲೇ. ಬೇರೆ ಕಾಪಿ ಇರಲಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ರೇಡ್ ಏಳಲಿಲ್ಲ.

"ಒಂದು ಡಿಸ್ಕ್ ಹೋದ್ರೂ ಏನೂ ಆಗಲ್ಲ ಅಂತಿದ್ರಲ್ಲ ಮಾರಾಯ್ರೇ?" ಅಂತ ಸ್ಟುಡಿಯೊದವರು ಕೇಳಿದರು. ಒಂದು ಹೋದರೆ ನಿಜಕ್ಕೂ ಏನೂ ಆಗಲ್ಲ. ಇಲ್ಲಿ ಹೋಗಿದ್ದು ಎರಡು.

ಲಿನಕ್ಸ್‌ನಲ್ಲಿ ರೇಡ್ ನೋಡಿಕೊಳ್ಳುವ ಪ್ರೋಗ್ರಾಂ ಎಂಡಿಎಡಿಎಂ (mdadm). ಅದರ ಎಕ್ಸಾಮಿನ್ ಆಜ್ಞೆ ಏನನ್ನೂ ಬರೆಯುವುದಿಲ್ಲ, ಓದುತ್ತದೆ ಅಷ್ಟೆ. ಹಾಗಾಗಿ ಮೊದಲು ಅದನ್ನೇ ಕೊಟ್ಟೆ. ಅದರಲ್ಲಿ ನೋಡಬೇಕಾದದ್ದು ಇವೆಂಟ್ಸ್ ಅನ್ನೋ ಸಂಖ್ಯೆ. ರೇಡ್‌ನಲ್ಲಿ ಬದಲಾವಣೆ ಆದ ಹಾಗೆ ಅದು ಏರುತ್ತಾ ಹೋಗುತ್ತದೆ. ಎರಡು ಡಿಸ್ಕ್‌ಗಳಲ್ಲಿ ಒಂದೇ ಸಂಖ್ಯೆ ಇತ್ತು. ಮೂರನೆಯದರಲ್ಲಿ ನಾಲ್ಕೇ ನಾಲ್ಕು ಕಮ್ಮಿ, ಅಂದರೆ ಅದು ಹೊರಬಿದ್ದದ್ದು ಕೊನೆಗಳಿಗೆಯಲ್ಲಿ. ನಾಲ್ಕನೆಯದು ಸಾವಿರಾರು ಹಿಂದೆ, ಅದರ ಅಪ್‌ಡೇಟ್ ಟೈಮ್ ಜನವರಿಯದು, ಜಾತ್ರೆ ಮುಗಿದ ಮೇಲಿನದು. ಅಂದರೆ ಆ ಡಿಸ್ಕ್ ಆಗಲೇ ಹೊರಬಿದ್ದಿತ್ತು. ಆಮೇಲಿನ ತಿಂಗಳೆಲ್ಲ ರೇಡ್ ಮೂರೇ ಡಿಸ್ಕ್‌ನಲ್ಲಿ ಓಡಿದೆ, ಯಾರಿಗೂ ಗೊತ್ತಾಗಿಲ್ಲ.

ಇಂಥ ಹೊತ್ತಲ್ಲಿ ಹೊಸದಾಗಿ ರೇಡ್ ಕಟ್ಟುವ ಕ್ರಿಯೇಟ್ ಆಜ್ಞೆ ಮಾತ್ರ ಕೊಡಬೇಡಿ. ಡಿಸ್ಕ್‌ಗಳ ಕ್ರಮ, ಚಂಕ್ ಸೈಜ್ (ಒಂದೊಂದು ಡಿಸ್ಕ್‌ಗೆ ಸರದಿಯಲ್ಲಿ ಬರೆಯುವ ತುಂಡಿನ ಅಳತೆ) ಇರುವ ಹಳೆ ಸೂಪರ್‌ಬ್ಲಾಕ್, ಅಂದರೆ ಡಿಸ್ಕ್‌ನಲ್ಲೇ ಬರೆದಿಟ್ಟ ರೇಡ್‌ನ ವಿವರ, ಅಳಿಸಿಹೋಗುತ್ತದೆ. ಆಮೇಲೆ ಉಳಿಯುವುದು ಊಹೆ ಮಾತ್ರ.

ನಾಲ್ಕೂ ಡಿಸ್ಕ್‌ಗಳನ್ನು, ಕೆಟ್ಟ ಡಿಸ್ಕ್‌ನಿಂದ ಓದಲಾಗುವಷ್ಟನ್ನು ತೆಗೆಯುವ ಡಿಡಿರೆಸ್ಕ್ಯೂ (ddrescue) ಪ್ರೋಗ್ರಾಂನಿಂದ ಹೊಸ ಡಿಸ್ಕ್‌ಗಳಿಗೆ ಕಾಪಿ ಮಾಡಿದೆ. ಜನವರಿಯದನ್ನೂ ಬಿಡಲಿಲ್ಲ. ಮೂರನೆಯ ಡಿಸ್ಕ್‌ನಲ್ಲಿ ಓದಲಾಗದ ಸೆಕ್ಟರ್‌ಗಳಿದ್ದವು (ಸೆಕ್ಟರ್ ಅಂದರೆ ಡಿಸ್ಕ್‌ನ ಚಿಕ್ಕ ತುಂಡು). ಸುಲಭವಾಗಿ ಬರುವುದನ್ನು ಮೊದಲು ತೆಗೆದುಕೊಂಡು, ಕಷ್ಟದ ಜಾಗಕ್ಕೆ ಕೊನೆಯಲ್ಲಿ ಕೈಹಾಕಿದೆ. ಮ್ಯಾಪ್ ಫೈಲ್ ಕೊಡುವುದನ್ನು ಮಾತ್ರ ಮರೆಯಬಾರದು. ಎಲ್ಲಿವರೆಗೆ ಬಂದಿದೆ, ಎಲ್ಲಿ ಸಿಕ್ಕಿಲ್ಲ ಅನ್ನೋದೆಲ್ಲ ಅದರಲ್ಲಿರುತ್ತದೆ. ನಮ್ಮ ಕಡೆ ಮಳೆಗಾಲದ ಕರೆಂಟ್ ಹೇಗೆ ಅಂತ ಗೊತ್ತಲ್ವಾ? ನಡುವೆ ನಿಂತರೂ ಅದೇ ಮ್ಯಾಪ್ ಫೈಲ್ ಕೊಟ್ಟರೆ ಅಲ್ಲಿಂದಲೇ ಮುಂದುವರಿಯುತ್ತದೆ.

ಕಾಪಿಗಳನ್ನೂ ನೇರವಾಗಿ ಮುಟ್ಟಲಿಲ್ಲ. ಲಿನಕ್ಸ್‌ನ ಡಿಎಂಸೆಟಪ್ (dmsetup) ಆಜ್ಞೆಯ ಸ್ನ್ಯಾಪ್‌ಶಾಟ್‌ನಿಂದ ಒಂದೊಂದರ ಮೇಲೂ ಓವರ್‌ಲೇ, ಅಂದರೆ ಮೇಲುಹೊದಿಕೆ, ಹಾಕಿದೆ. ಬರೆಯುವುದೆಲ್ಲ ಬೇರೊಂದು ಫೈಲಿಗೆ ಹೋಗುತ್ತದೆ, ಕಾಪಿ ಇದ್ದಂತೆಯೇ ಇರುತ್ತದೆ. ಎಡವಟ್ಟಾದರೆ ಆ ಫೈಲ್ ಅಳಿಸಿ ಮತ್ತೆ ಶುರು ಮಾಡಬಹುದು. ಈ ಕೆಲಸದಲ್ಲಿ ಇದಕ್ಕಿಂತ ನೆಮ್ಮದಿ ಕೊಡುವುದು ಇನ್ನೊಂದಿಲ್ಲ.

ಜನವರಿಯ ಡಿಸ್ಕ್ ಬಿಟ್ಟು ಉಳಿದ ಮೂರನ್ನು ಎಂಡಿಎಡಿಎಂಗೆ ಅಸೆಂಬಲ್ (ಜೋಡಿಸು), ಫೋರ್ಸ್ (ಸಂಖ್ಯೆ ಹೊಂದದಿದ್ದರೂ) ಅಂತ ಕೊಟ್ಟು ಎಬ್ಬಿಸಿದೆ. ಎದ್ದಿತು. ಅದರ ಫೈಲ್ ವ್ಯವಸ್ಥೆ ಇಎಕ್ಸ್‌ಟಿ4 ಅನ್ನು ರೀಡ್ ಓನ್ಲಿ (ಓದಲು ಮಾತ್ರ) ಅಂತ ಮೌಂಟ್ ಮಾಡಿದರೂ, ಅಂದರೆ ತೆರೆದರೂ, ಅರ್ಧಕ್ಕೆ ನಿಂತ ಬರಹಗಳ ದಾಖಲೆಯಾದ ಜರ್ನಲ್ ಓಡಿ ಡಿಸ್ಕ್‌ಗೆ ಬರೆಯುತ್ತದೆ, ಅದಕ್ಕೆ ಜರ್ನಲ್ ಓಡದಂತೆ ತಡೆಯುವ ನೋಲೋಡ್ ಕೂಡ ಸೇರಿಸಿದೆ. ಮದುವೆಗಳು, ಆಟಗಳು ಎಲ್ಲ ಇದ್ದವು. ತೆಪ್ಪೋತ್ಸವದ ವಿಡಿಯೊ ಮಾತ್ರ ನಡುವೆ ಒಡೆದು ಬಣ್ಣದ ಚೌಕಗಳಾಗುತ್ತಿತ್ತು. ಓದಲಾಗದ ಸೆಕ್ಟರ್‌ಗಳು ಬಿದ್ದದ್ದು ಅಲ್ಲೇ.

ಹೊರಗಿಟ್ಟಿದ್ದ ಡಿಸ್ಕ್ ಕೆಲಸಕ್ಕೆ ಬಂದದ್ದು ಇಲ್ಲಿ. ಆ ವಿಡಿಯೊ ಬರೆದದ್ದು ಡಿಸ್ಕ್ ಹೊರಬೀಳುವ ಮುಂಚೆ. ಆಮೇಲೆ ಆ ಸ್ಟ್ರೈಪನ್ನು (ಎಲ್ಲ ಡಿಸ್ಕ್‌ಗಳಲ್ಲೂ ಸಾಲಾಗಿ ಹರಡಿದ ಡೇಟಾದ ಪಟ್ಟೆ) ಯಾರೂ ಮುಟ್ಟಿರದಿದ್ದರೆ, ಅಲ್ಲಿ ಹಳೆ ಡಿಸ್ಕ್ ಹೇಳುವುದೂ ಸರಿಯೇ. ರೇಡ್ 5ಕ್ಕೆ ನಾಲ್ಕರಲ್ಲಿ ಯಾವ ಮೂರಾದರೂ ಸಾಕು. ಹೊಸ ಓವರ್‌ಲೇ ಹಾಕಿ, ಮೂರನೆಯದನ್ನು ಬಿಟ್ಟು, ಜನವರಿಯದನ್ನು ಸೇರಿಸಿ ಎಬ್ಬಿಸಿದೆ. ಜನವರಿಯ ನಂತರದ ಫೈಲ್‌ಗಳನ್ನು ಇದರಿಂದ ನಂಬುವ ಹಾಗಿಲ್ಲ. ನನಗೆ ಬೇಕಿದ್ದದ್ದು ಒಂದೇ ಫೈಲ್. ದೀಪ ಹಚ್ಚಿದ ತೆಪ್ಪ ತುಂಗೆಯಲ್ಲಿ ಸಾಗುವುದು ಶುರುವಿನಿಂದ ಕೊನೆವರೆಗೆ ಎಲ್ಲೂ ಒಡೆಯದೆ ಓಡಿತು.

ಈಗ ಹೊಸ ಡಿಸ್ಕ್‌ಗಳು, ಒಂದು ಯುಪಿಎಸ್, ಮನೆಯಲ್ಲಿಡಲು ಪ್ರತ್ಯೇಕ ಕಾಪಿ. ತಿಂಗಳಿಗೊಮ್ಮೆ ರೇಡ್ ತಾನೇ ಎಲ್ಲ ಸೆಕ್ಟರ್ ಓದಿ ನೋಡುತ್ತದೆ. ಡಿಸ್ಕ್ ಹೊರಬಿದ್ದರೆ ಮೇಲ್ ಬರುವ ಹಾಗೂ ಮಾಡಿದ್ದೇನೆ. ಎಂಡಿಎಡಿಎಂಗೆ ಮಾನಿಟರ್ ಜೊತೆ ಟೆಸ್ಟ್ ಅಂತ ಕೊಟ್ಟರೆ ಪರೀಕ್ಷೆಯ ಮೇಲ್ ಹೋಗುತ್ತದೆ. ಅದು ಸ್ಟುಡಿಯೊದವರ ಮೊಬೈಲ್‌ಗೆ ಬಂದದ್ದನ್ನು ನೋಡಿಯೇ ಸರ್ವರ್ ವಾಪಸ್ ಕೊಟ್ಟೆ.